ಇಸಾಕನ ಶಾಫ್ಟಿಗೆ ಸುಣ್ಣದ ಗುರುತು

ಶುಕ್ರವಾರ ಬಂತೆಂದರೆ ನನ್ನ ರಂಗೋಲಿಗೆ ಗ್ರಹಚಾರ. ಖಾನಾಪುರದ ಸ್ಟೇಷನ್ ಹಿಂದಿನ ಓಣಿಯಲ್ಲಿ ನಮ್ಮದು ಹಿಟ್ಟಿನ ಗಿರಣಿ, ಎದುರಿಗೆ ಇಸಾಕನ ಮನೆ. ಇಸಾಕ ಲಾರಿ ಡ್ರೈವರ. ಲಾರಿ ಅವನದಲ್ಲ, ಬೆಳಗಾವಿಯ ಹಿಂದವಾಡಿಯಲ್ಲಿದ್ದ ಗುರುಪುತ್ರಪ್ಪನವರದು. ಆದರೆ ಅದು ನಿಲ್ಲುತ್ತಿದ್ದುದು ನಮ್ಮ ಓಣಿಯಲ್ಲೇ. ಶುಕ್ರವಾರ ಬೆಳಗ್ಗೆ ಇಸಾಕ ಗಾಲಿಗಳಿಗೆ ಕಲ್ಲು ಕೊಟ್ಟು, ಗೋಣಿತಟ್ಟು ಹಾಸಿಕೊಂಡು, ಲಾರಿಯ ಕೆಳಗೆ ತೂರುತ್ತಿದ್ದ. ನಾನು ಹಾಲು ಕಾಯಿಸಿ ಹೊರಗೆ ಬರುವಷ್ಟರಲ್ಲಿ ಅವನ ಎರಡು ಪಾದ ಮಾತ್ರ ಕಾಣುತ್ತಿದ್ದವು.

ಇಂಜಿನ್ ತಿರುಗಿದ್ದನ್ನು ಹಿಂದಿನ ಗಾಲಿಗೆ ಮುಟ್ಟಿಸುವ ಉದ್ದನೆಯ ಕಬ್ಬಿಣದ ಕೊಳವೆಗೆ ಶಾಫ್ಟು ಅನ್ನುತ್ತಾರೆ. ಅದರ ಎರಡೂ ತುದಿಗೆ ಮೊಣಕೈಯಂತೆ ಮಣಿಯುವ ಕೀಲುಗಳು. ಕೀಲಿನಲ್ಲಿ ಸಣ್ಣ ಮೊಳೆಯ ತಲೆಯಂಥ ಒಂದು ಬಾಯಿ. ಗ್ರೀಸ್ ಗನ್ನಿನ ಮೂತಿಯನ್ನು ಅದಕ್ಕೆ ಕಚ್ಚಿಸಿ ಒತ್ತಿದರೆ ಹಳೆಯ ಕಪ್ಪು ಗ್ರೀಸು ಹೊರಬಿದ್ದು, ನಾಲ್ಕೂ ಮೂಲೆಯಿಂದ ಹೊಸದು ಇಣುಕಬೇಕು. ಆ ಬಾಯಿ ತಿರುಗಿ ಮೇಲೆ ಹೋಗಿ ಕೂತಿದ್ದರೆ ಲಾರಿಯನ್ನೇ ಅರ್ಧ ಗಾಲಿ ಮುಂದೆ ತಳ್ಳಬೇಕು. ತಳ್ಳಲು ನಮ್ಮ ಗಿರಣಿಯ ಆಳುಗಳು. ಲಾರಿ ಮುಂದೆ ಬಂದು ನಿಲ್ಲುತ್ತಿದ್ದುದು ಸರಿಯಾಗಿ ನನ್ನ ರಂಗೋಲಿಯ ಮೇಲೆ. ಇಷ್ಟೆಲ್ಲ ವಿದ್ಯೆ ನನಗೆ ಬಂದದ್ದು ಜಗಳ ಆಡಿ ಆಡಿ.

"ಪೆಟ್ರೋಲ್ ಪಂಪಿನಾಗ ಸರ್ವೀಸು ಮಾಡತಾರಲ್ಲೋ ಇಸಾಕಾ, ಅಲ್ಲೆ ಒಯ್ಯಬಾರದ?" ಅಂದರೆ ಅವನದು ಒಂದೇ ಉತ್ತರ.

"ಮಂದಿ ಕೈಯಾಗ ಕೊಟ್ರ ಕಂಡಲ್ಲೆ ಹಚ್ಚತಾರ, ಕಾಣದಲ್ಲೆ ಬಿಡತಾರ್ರಿ ಅಕ್ಕಾರ."

ಅವನ ಅಪ್ಪ ಹುಸೇನಸಾಬ ಸ್ಟೇಷನ್ನಿನಲ್ಲಿ ಟಾಂಗಾ ಹೊಡೆಯುತ್ತಿದ್ದವನು. ಗಾಲಿಗೆ ಕೀಲೆಣ್ಣೆ ಹಾಕದೆ ತಾನು ಚಹಾ ಕುಡಿಯುತ್ತಿರಲಿಲ್ಲವಂತೆ. ಕುದುರೆ ಹಸಿದರೆ ಕೂಗುತ್ತದೆ, ಗಾಲಿ ಕೂಗುವ ಹೊತ್ತಿಗೆ ಹೊತ್ತು ಮೀರಿರುತ್ತದೆ ಎಂದು ಮಗನಿಗೆ ಹೇಳಿದ್ದ. ಮಗ ಅದನ್ನು ಲಾರಿಗೂ ತಂದ. ಗ್ರೀಸು ಹಾಕಿ, ಕೈಗೆ ಚಿಮಣಿ ಎಣ್ಣೆ ತಿಕ್ಕಿ ತೊಳೆದು, ಸ್ನಾನ ಮಾಡಿ, ಬಿಳಿ ಟೋಪಿ ಹಾಕಿಕೊಂಡು ನಮಾಜಿಗೆ ಹೊರಟನೆಂದರೆ, ಈಗಷ್ಟೇ ಲಾರಿಯ ಕೆಳಗಿನಿಂದ ಬಂದವನು ಇವನೇನಾ ಅನಿಸುತ್ತಿತ್ತು.

ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಇರಬೇಕು, ಅವನ ಕಣ್ಣು ಕೈಕೊಡತೊಡಗಿತು. ದೂರದ್ದಲ್ಲ, ಹತ್ತಿರದ್ದು. ಪೇಪರು ಹಿಡಿದರೆ ಕೈ ಚಾಚಿ ಚಾಚಿ, ಕೊನೆಗೆ ಕೈಯ ಉದ್ದವೇ ಸಾಲದಾಯಿತು. ಅವನ ಹೆಂಡತಿ ನಜ್ಮುನ್ನಿಸಾ, ನಮಗೆಲ್ಲ ನಜ್ಮಾ, ಚಾಳೀಸಿನ ಕನ್ನಡಕ ತೆಗೆದುಕೊಳ್ಳಿ ಎಂದು ದಿನವೂ ಹೇಳುತ್ತಿದ್ದಳು. ಮನೆಯೊಳಗೆ ಅವರ ಭಾಷೆ ಬೇರೆ, ಓಣಿಗೆ ಬಂದರೆ ನಮ್ಮ ಭಾಷೆಯೇ. ಇದನ್ನು ಮಾತ್ರ ಎರಡರಲ್ಲೂ ಹೇಳಿ ನೋಡಿದಳು. ಇಸಾಕ ಕಿವಿಗೆ ಹಾಕಿಕೊಳ್ಳಲಿಲ್ಲ. ಲಾರಿ ಅಡ್ಡೆಯಲ್ಲಿ ಒಬ್ಬ ಹಿರಿಯ ಡ್ರೈವರ ಚಾಳೀಸು ಹಾಕಿಕೊಂಡು ಬಂದ ವಾರವೇ ಮಾಲೀಕರು ಕೀಲಿ ಇಸಿದುಕೊಂಡದ್ದನ್ನು ಅವನು ಕಣ್ಣಾರೆ ಕಂಡಿದ್ದ.

"ಕಣ್ಣು ಹೋದಾಂವಗ ಯಾರು ಗಾಡಿ ಕೊಡತಾರ?" ಅಂದಿದ್ದ ಅವಳಿಗೆ. "ಗಾಡಿ ಬಿಟ್ಟು ನನಗ ಏನ ಬರತೈತಿ ಹೇಳು."

ಅದು ಖರೇ. ಅವನಿಗೆ ಬೇರೇನೂ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಮಳೆಗಾಲದ ಮೊದಲು ಒಮ್ಮೆ ಶಾಫ್ಟನ್ನು ಪೂರ್ತಿ ಕೆಳಗಿಳಿಸುವುದು ಅವನ ಪದ್ಧತಿ. ಶಾಫ್ಟಿನ ನಡುವೆ ಒಂದರೊಳಗೊಂದು ಸರಿಯುವ ಎರಡು ತುಂಡು. ಅವನ್ನು ಬೇರೆ ಮಾಡಿ, ತೊಳೆದು, ಹಲ್ಲುಗಳಿಗೆ ಗ್ರೀಸು ಹಚ್ಚಿ ಮತ್ತೆ ಸೇರಿಸಬೇಕು. ಎರಡೂ ತುಂಡಿನ ಮೇಲೆ ಒಂದೊಂದು ಸಣ್ಣ ಬಾಣದ ಗುರುತು ಕೆತ್ತಿರುತ್ತದೆ. ಬಾಣಕ್ಕೆ ಬಾಣ ಎದುರಾಗಿ ಕೂಡಬೇಕು. ಒಂದು ಹಲ್ಲು ಆಚೀಚೆಯಾದರೂ ಶಾಫ್ಟು ತಿರುಗುತ್ತದೆ, ಆದರೆ ಇಡೀ ಲಾರಿ ನಡುಗುತ್ತದೆ. ಆ ವರ್ಷ ಇಸಾಕ ಬೆರಳಿನಿಂದ ತಡವಿ, ಅಂದಾಜಿನ ಮೇಲೆ ಕೂಡಿಸಿದ.

ಮರುದಿನ ಹಂಚು ತುಂಬಿಕೊಂಡು ಬೆಳಗಾವಿಗೆ ಹೊರಟ ಲಾರಿ ದೇಸೂರ ದಾಟುವಷ್ಟರಲ್ಲಿ ಜ್ವರ ಬಂದವರ ಹಾಗೆ ನಡುಗಿತಂತೆ. ಇಳಿಸುವಾಗ ನೋಡಿದರೆ ಹಂಚು ಒಡೆದಿದ್ದವು. ಇಸಾಕ ರಸ್ತೆಯನ್ನು ಬೈದ. ಟಾಯರು ಬದಲಿಸಿದ. ಕೀಲು ಒಣಗಿರಬೇಕೆಂದು ಮಂಗಳವಾರವೂ ಲಾರಿಯ ಕೆಳಗೆ ಹೋದ, ಬುಧವಾರವೂ ಹೋದ. ನನ್ನ ಅಂಗಳದ ತುಂಬ ಗ್ರೀಸು. ನಾನು ಬೈದೆ. ಬೈದರೆ ಎದುರು ಮಾತಾಡುವವನು ಆ ದಿನ ತಲೆ ತಗ್ಗಿಸಿ ಒಳಗೆ ಹೋದ. ಆಗಲೇ ನನಗೆ ಏನೋ ಸರಿ ಇಲ್ಲ ಅನಿಸಿತು. ತಪ್ಪು ಎಲ್ಲಿದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಒಪ್ಪಿಕೊಂಡರೆ ಕಣ್ಣಿನ ವಿಷಯವನ್ನೂ ಒಪ್ಪಿಕೊಳ್ಳಬೇಕಿತ್ತು.

ಗುರುಪುತ್ರಪ್ಪನವರು ಹಂಚಿನ ಸುದ್ದಿ ಕೇಳಿ ಹೇಳಿ ಕಳಿಸಿದರು: ಶುಕ್ರವಾರ ತಾವೇ ಬರುತ್ತೇವೆ, ಲಾರಿಯನ್ನು ಬೆಳಗಾವಿಯ ಗ್ಯಾರೇಜಿಗೆ ಒಯ್ದು ಬಿಚ್ಚಿಸಿ ನೋಡೋಣ. ಬಿಚ್ಚಿದರೆ ಮುಗಿಯಿತು. ಬಾಣ ಕಾಣದವನು ಕೂಡಿಸಿದ್ದು ಎಂದು ಯಾವ ಫಿಟ್ಟರನಾದರೂ ಹೇಳುತ್ತಾನೆ.

ಗುರುವಾರ ಸಂಜೆ ನಜ್ಮಾ ನಮ್ಮ ಹಿತ್ತಿಲ ಬಾಗಿಲಿಗೆ ಬಂದಳು.

"ಗಂಗಕ್ಕಾ, ಭಾವನವರ ಚಾಳೀಸು ನಾಳೆ ಮುಂಜಾನೆ ಒಂದೀಟು ಕೊಡ್ರಿ."

ಎಲ್ಲವನ್ನೂ ಅವಳು ನನಗೆ ಹೇಳಿದ್ದು ಆಗ, ಒಲೆಯ ಮುಂದೆ ಕುಳಿತು. ಹೇಳುತ್ತ ಹೇಳುತ್ತ ಅತ್ತಳು. ನನಗೂ ಕಣ್ಣಲ್ಲಿ ನೀರು ಬಂತು. ಲಾರಿ ಹೋದರೆ ಹೊಟ್ಟೆಗೆ ಹೇಗೆ ಎಂದಲ್ಲ ಅವಳ ಅಳು, ಲಾರಿ ಹೋದರೆ ಈ ಮನುಷ್ಯ ಏನಾಗುತ್ತಾನೆ ಎಂದು.

ಶುಕ್ರವಾರ ಬೆಳಗ್ಗೆ ನಾನು ನಮ್ಮವರ ಚಾಳೀಸು ಕೊಟ್ಟು ಬಂದೆ, ಇಸಾಕ ಅದನ್ನು ಮುಟ್ಟಲಿಲ್ಲ. "ಓಣಿ ಮಂದಿ ನೋಡತಾರ" ಅಂದ. ಕೆಳಗೆ ತೂರಿ, ಶಾಫ್ಟು ಬಿಚ್ಚಿ, ಮತ್ತೆ ತಡವತೊಡಗಿದ. ನಜ್ಮಾ ಸ್ವಲ್ಪ ಹೊತ್ತು ಕಟ್ಟೆಯ ಮೇಲೆ ನಿಂತು ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಲೆ ಅಡಿಕೆಯ ಚೀಲದಿಂದ ಸುಣ್ಣದ ಡಬ್ಬಿ ತೆಗೆದುಕೊಂಡು, ಎಲ್ಲರೆದುರಿಗೇ ಲಾರಿಯ ಕೆಳಗೆ ಹೋದಳು. ಗಿರಣಿಗೆ ಜೋಳ ತಂದಿದ್ದ ಹೆಂಗಸರು ಬಾಯಿ ಮೇಲೆ ಕೈ ಇಟ್ಟುಕೊಂಡರು. ನಾನು ಅವರನ್ನು ಗದರಿಸಿ ಒಳಗೆ ಕಳಿಸಿದೆ.

ಹೇರ್‌ಪಿನ್ನಿನಿಂದ ಹೊಲಸು ಕೆದರಿ ಬಾಣವನ್ನು ಹುಡುಕಿದ್ದು ಅವಳೇ. ಆ ಗೆರೆಯೊಳಗೆ ಬೆರಳಿನಿಂದ ಸುಣ್ಣ ತುಂಬಿದಳು. ಇನ್ನೊಂದಕ್ಕೂ ತುಂಬಿದಳು.

"ಈಗ ಕಾಣತೈತೇನ್ರಿ?" ಎಂದು ಅವಳು ಕೇಳಿದ್ದು ನನಗೆ ಕೇಳಿಸಿತು.

"ಬೆಳ್ಳಗ ಏನೋ ಕಾಣತೈತಿ."

"ಬೆಳ್ಳಗಿದ್ದದ್ದಕ್ಕ ಬೆಳ್ಳಗಿದ್ದದ್ದು ಕೂಡಸ್ರಿ. ಇನ್ನೊಂಚೂರು ಈ ಕಡೆ. ಹಾಂ, ಅಷ್ಟ."

ಅಷ್ಟರಲ್ಲಿ ಓಣಿಯ ಬಾಯಲ್ಲಿ ಗುರುಪುತ್ರಪ್ಪನವರು. ಧೋತರ, ಕೋಟು, ಕೈಯಲ್ಲಿ ಕೊಡೆ. ಲಾರಿಯ ಕೆಳಗೆ ನಾಲ್ಕು ಪಾದ ಕಂಡು ನಿಂತರು.

"ಇಸಾಕಾ, ಸಂಸಾರ ಕೆಳಗ ಹೂಡಿಯೇನಪಾ?"

ಇಸಾಕ ಹೊರಗೆ ಬಂದ. ನಜ್ಮಾ ನಾಚಿಕೆಯಿಂದ ಅಲ್ಲೇ ಉಳಿದಳು. ಏನಾದರೂ ನೆವ ಹೇಳುತ್ತಾನೆಂದು ನಾನು ಕಾದಿದ್ದೆ. ಹೆಂಡತಿಯ ಪಾದ ನೋಡಿದ, ನೆವ ಹೇಳಲಿಲ್ಲ. ಜೇಬಿನಿಂದ ಲಾರಿಯ ಕೀಲಿ ತೆಗೆದು ಮುಂದೆ ಹಿಡಿದ.

"ಸಮೀಪದ್ದು ಕಾಣವಲ್ಲದ್ರಿ ಮಾಲಕ್ರ. ಶಾಫ್ಟಿನ ಗುರ್ತು ತಪ್ಪಿಸಿದಾಂವ ನಾನ. ಈಗ ಆಕಿ ನೋಡಿ ಕೂಡಿಸ್ಯಾಳ. ಕೀಲಿ ತಗೋರ್ರಿ."

ಗುರುಪುತ್ರಪ್ಪನವರು ಕೀಲಿಯನ್ನೂ ನೋಡಿದರು, ಅವನನ್ನೂ ನೋಡಿದರು. ಕೊಡೆಯ ತುದಿಯಿಂದ ಓಣಿಯಾಚೆ, ರೈಲು ಹಳಿಯ ಕಡೆ ತೋರಿಸಿದರು.

"ಆ ಸಿಗ್ನಲ್ಲಿನ ಕೈ ಬಿದ್ದೈತೋ ನಿಂತೈತೋ?"

"ಬಿದ್ದೈತ್ರಿ. ಅದರ ಮ್ಯಾಲೆ ಕಾಗಿ ಕುಂತೈತಿ."

ನನಗೆ ಸಿಗ್ನಲ್ಲಿನ ಕಂಬ ಕಂಡಿತು, ಕಾಗೆ ಕಾಣಲಿಲ್ಲ. ಗುರುಪುತ್ರಪ್ಪನವರು ತಮ್ಮ ಚಾಳೀಸು ಒರೆಸಿ ನೋಡಿದರು, ಅವರಿಗೂ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ರೈಲು ಬಂತು. ಕಾಗೆ ಎದ್ದು ಹಾರಿದಾಗ ಎಲ್ಲರಿಗೂ ಕಂಡಿತು.

"ರಸ್ತಾ ಗಾಜಿನ ಆಚೆ ಇರತೈತೋ, ನಿನ್ನ ಮೂಗಿನ ಮ್ಯಾಲೆ ಇರತೈತೋ?" ಅಂದರು ಗುರುಪುತ್ರಪ್ಪನವರು. "ಕೀಲಿ ಕಿಸೇದಾಗ ಇಟಗೋ. ಶಾಫ್ಟ ಇಳಿಸಿದಾಗ ಮಾತ್ರ ಆಕಿನ್ನ ಕೇಳದ ಏರಿಸಬ್ಯಾಡ. ಇಲ್ಲಾ ಒಂದು ಚಾಳೀಸು ತಗೋ."

ಆಮೇಲೆ ಇಸಾಕ ಶಾಫ್ಟು ಏರಿಸಿದ, ಅವನೂ ಗುರುಪುತ್ರಪ್ಪನವರೂ ದೇಸೂರದ ತನಕ ಲಾರಿ ಓಡಿಸಿಕೊಂಡು ಬಂದರು. ನಡುಕ ಇರಲಿಲ್ಲ. ಅಂದು ಇಸಾಕ ನಮಾಜಿಗೆ ತಡವಾಗಿ ಹೋದ.

ಹೆದರಿಕೆ ಹೋಯಿತು, ಇನ್ನು ಚಾಳೀಸು ತಂದೇ ತರುತ್ತಾನೆ ಎಂದು ನಾವೆಲ್ಲ ಅಂದುಕೊಂಡೆವು. ತರಲಿಲ್ಲ. ಶುಕ್ರವಾರ ಬಂದರೆ ಲಾರಿಯ ಕೆಳಗೆ ನಾಲ್ಕು ಪಾದ. ಅವಳು ಗ್ರೀಸಿನ ಬಾಯಿ ಹುಡುಕಿ ಬೆರಳಿಡುವಳು, ಅವನು ಗನ್ನು ಒತ್ತುವನು. ಯಾವ ಮೂಲೆಯಿಂದ ಹೊಸ ಗ್ರೀಸು ಬಂತು, ಯಾವುದರಿಂದ ಬರಲಿಲ್ಲ ಎಂದು ಅವಳು ಹೇಳುವಳು. ಅದರ ಜೊತೆಗೆ ಸಂತೆಯ ಸುದ್ದಿ, ಬೀಗರ ಸುದ್ದಿ, ವಾರವಿಡೀ ರಸ್ತೆಯ ಮೇಲಿರುವವನಿಗೆ ಹೇಳಲು ಉಳಿದ ಸುದ್ದಿಯೆಲ್ಲ. ಒಮ್ಮೊಮ್ಮೆ ಇಬ್ಬರೂ ನಗುತ್ತಿದ್ದರು. ಗಿರಣಿಯ ಸದ್ದಿನಲ್ಲಿ ಬಾಳಿದ ನನಗೆ ಅದನ್ನು ಕೇಳಿ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಎಂಬತ್ತರ ನಂತರ ಒಂದು ಶುಕ್ರವಾರ ನಜ್ಮಾ ತಂಗಿಯ ಬಾಣಂತನಕ್ಕೆಂದು ಕಣಕುಂಬಿಗೆ ಹೋಗಿದ್ದಳು. ಇಸಾಕ ಗ್ರೀಸ್ ಗನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದ. ನೋಡಲಾಗಲಿಲ್ಲ ನನಗೆ. ನಮ್ಮವರ ಚಾಳೀಸು ತಂದು ಕೈಗೆ ಕೊಟ್ಟೆ. ಓಣಿಯಲ್ಲಿ ಯಾರೂ ಇರಲಿಲ್ಲ. ಹಾಕಿಕೊಂಡು ಕೆಳಗೆ ತೂರಿದ, ಸ್ವಲ್ಪ ಹೊತ್ತು ನೋಡಿದ, ಹೊರಗೆ ಬಂದು ಅದನ್ನು ಅಂಗಿಯ ತುದಿಯಿಂದ ಒರೆಸಿ ನನಗೆ ಮರಳಿಸಿದ.

"ಯಾಕೋ, ಕಾಣವಲ್ಲದ?"

"ಎಲ್ಲಾ ಕಾಣತೈತ್ರಿ ಅಕ್ಕಾರ. ಬಾಣ ಸುದ್ದಾ ಕಾಣತೈತಿ." ಅವನು ಧ್ವನಿ ತಗ್ಗಿಸಿದ. "ಆಕಿಗೆ ಹೇಳಬ್ಯಾಡ್ರಿ. ಚಾಳೀಸು ಬಂತಂದ್ರ ಆಕಿ ಯಾಕ ಕೆಳಗ ಬರತಾಳ್ರಿ?"

ಆ ವಾರ ಗ್ರೀಸು ಶುಕ್ರವಾರ ಬೀಳಲಿಲ್ಲ. ಶನಿವಾರ ಮಧ್ಯಾಹ್ನದ ಬಸ್ಸಿಗೆ ನಜ್ಮಾ ಬಂದಳು. ಕೈಚೀಲ ಕೆಳಗಿಡುವ ಮೊದಲೇ, ಗ್ರೀಸು ಹಾಕಿದ್ದಾಯಿತೇ ಎಂದು ಕೇಳಿದಳು. ಕಾಣಲಿಲ್ಲ ಅಂದ ಇಸಾಕ, ನನ್ನ ಕಡೆ ನೋಡದೆ. ಅವಳು ಸುಣ್ಣದ ಡಬ್ಬಿ ಹುಡುಕಿಕೊಂಡು ಸೆರಗು ಸಿಕ್ಕಿಸಿದಳು. ನಮ್ಮವರು ಕಟ್ಟೆಯ ಮೇಲೆ ಬಿಟ್ಟಿದ್ದ ಚಾಳೀಸನ್ನು ನಾನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋದೆ.