ವೇದಾವತಿಗೆ ಬಂದ ಎರಡು ಕಾಗದ

ಎಂಬತ್ತನಾಲ್ಕನೇ ಇಸವಿಯ ಜುಲೈ ತಿಂಗಳಲ್ಲಿ ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕಿದ್ದ ಯಜ್ಞೇಶ್ವರ ಭಟ್ಟರ ಹೋಟೆಲಿನಲ್ಲಿ ಇಡ್ಲಿಗಿಂತ ಬಿಸಿಯಾಗಿದ್ದದ್ದು ಎರಡು ಕಾಗದ. ಎರಡೂ ಭಟ್ಟರ ಒಬ್ಬಳೇ ಮಗಳು ವೇದಾವತಿಯ ಹೆಸರಿಗೆ ಬಂದಿದ್ದವು. ತೊದಲುವವರಿಗೆ, ಲಕ್ವಾ ಹೊಡೆದು ಮಾತು ಬಿದ್ದುಹೋದವರಿಗೆ ಮಾತು ಕಲಿಸುವ ವಿದ್ಯೆಯಲ್ಲಿ ಅವಳು ಬಿ.ಎಸ್ಸಿ. ಮುಗಿಸಿದ್ದಳು. ಈಗ ಎಂ.ಎಸ್ಸಿ.ಗೆ ಮೈಸೂರಿನವರೂ ಬಾ ಅಂದಿದ್ದರು, ಮುಂಬಯಿಯವರೂ ಬಾ ಅಂದಿದ್ದರು. ಸೋಮವಾರದೊಳಗೆ ಒಬ್ಬರಿಗೆ ಹೂಂ, ಒಬ್ಬರಿಗೆ ಊಹೂಂ ಎಂದು ತಂತಿ ಕೊಡಬೇಕಿತ್ತು.

ಭಟ್ಟರು ಆ ಕಾಗದಗಳನ್ನು ಕಪಾಟಿನಲ್ಲಿ ಇಟ್ಟಿದ್ದರೆ ಗಲಾಟೆಯೇ ಇರುತ್ತಿರಲಿಲ್ಲ. ಅವರು ಗಲ್ಲಾದ ಗಾಜಿನ ಕೆಳಗೆ, ಬಾಳೆಹಣ್ಣಿನ ಗೊನೆಯ ಪಕ್ಕದಲ್ಲಿ, ಊರೆಲ್ಲ ಓದುವ ಹಾಗೆ ಹಾಸಿಬಿಟ್ಟರು. ಬಿಲ್ಲು ಕೊಡಲು ಬಂದವರೆಲ್ಲ ಬಗ್ಗಿ ಓದುವುದು, ಓದಿದವರೆಲ್ಲ ತೀರ್ಪು ಕೊಡುವುದು. ಮಸಾಲೆದೋಸೆ ತಿಂದವನು ಮೈಸೂರು ಅಂದರೆ ಬರೀ ಚಹಾ ಕುಡಿದವನೂ ಮುಂಬಯಿ ಅನ್ನುತ್ತಿದ್ದ.

ಎಲ್ಲರಿಗಿಂತ ದೊಡ್ಡ ಜಡ್ಜು ವೇದಾವತಿಯ ಸೋದರಮಾವ ಪುಂಡರೀಕಾಕ್ಷ. ಠಾಣೆಯ ಬ್ಯಾಂಕೊಂದರಲ್ಲಿ ಗುಮಾಸ್ತ. ತನಗೆ ಗೊತ್ತಿಲ್ಲದ್ದು ಯಾರಿಗೂ ಗೊತ್ತಿರಲಿಕ್ಕಿಲ್ಲ ಎಂಬ ನೆಮ್ಮದಿಯಲ್ಲಿ ಬದುಕಿದ ಮನುಷ್ಯ.

"ಅಲ್ಲ ಭಾವ, ಮಾತಾಡ್ಲಿಕ್ಕೆ ಕಲಿಸುವುದಕ್ಕೂ ಎಂ.ಎಸ್ಸಿ. ಬೇಕಾ? ನಮ್ಮ ಅಕ್ಕ ಎಷ್ಟನೇ ಕ್ಲಾಸು? ಅವಳ ಬಾಯಿ ಮುಚ್ಚಿಸ್ಲಿಕ್ಕೆ ಒಂದು ಕೋರ್ಸ್ ಉಂಟಾ ಕೇಳಿ, ನಾನೇ ಸೇರ್ತೇನೆ."

ಒಳಗೆ ತೆಂಗಿನಕಾಯಿ ತುರಿಯುತ್ತಿದ್ದ ಅಕ್ಕ, ಅಂದರೆ ವೇದಾವತಿಯ ಅಮ್ಮ, ಶ್ರೀಮತಮ್ಮನಿಗೆ ಅದು ಕೇಳಿಸಿತು. "ಅವನಿಗೆ ಇವತ್ತು ಚಟ್ನಿ ಹಾಕ್ಬೇಡಿ," ಎಂದು ಅಲ್ಲಿಂದಲೇ ಅಪ್ಪಣೆಯಾಯಿತು.

ಶ್ರೀಮತಮ್ಮನ ಓಟು ಮುಂಬಯಿಗೆ. ಘಾಟ್ಕೋಪರಿನಲ್ಲಿ ಒಬ್ಬ ಹುಡುಗನಿದ್ದ, ಸರಕಾರಿ ಕೆಲಸ, ಜಾತಕ ಕೂಡಿತ್ತು. ಹುಡುಗಿ ಮೈಸೂರಿನಲ್ಲಿ ಕೂತರೆ ನೋಡಲು ಬರುವವರು ಯಾರು? ಭಟ್ಟರ ಓಟು ಮೈಸೂರಿಗೆ. ಯಾಕೆ ಎಂದರೆ ಮೈಸೂರು ಮೈಸೂರೇ ಅಲ್ಲವಾ ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚಿನ ಕಾರಣ ಅವರಲ್ಲಿ ಇರಲಿಲ್ಲ. ಬೇಕು ಅಂತಲೂ ಅನಿಸಿರಲಿಲ್ಲ.

ವೇದಾವತಿಯನ್ನು ಮಾತ್ರ ಯಾರೂ ಕೇಳಲಿಲ್ಲ. ಕೇಳಿದ್ದರೆ ಒಂದೇ ಉಸಿರಿಗೆ ಹೇಳುತ್ತಿದ್ದಳು: ಮೈಸೂರು. ಅಲ್ಲಿನ ಗುರುಗಳ ಪುಸ್ತಕ ಓದಿಯೇ ಅವಳು ಪಾಸಾದದ್ದು. ಆದರೆ ನಿಜವಾದ ಆಸೆ ಅಷ್ಟು ಪಂಡಿತರದ್ದಲ್ಲ. ಮೂರು ವರ್ಷ ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ಹೋಗಿ ಬಂದವಳು ಅವಳು. ಕೂರಲು ಜಾಗ ಬೇಕೆಂದರೆ ಮೊದಲು ಉಲ್ಟಾ ಕಲ್ಯಾಣಕ್ಕೆ ಹೋಗಿ, ಅದೇ ಡಬ್ಬಿಯಲ್ಲಿ ಕೂತು ತಿರುಗಿ ಬರಬೇಕು. ಒಂದು ದಿನ ಅವಳ ಒಂದು ಚಪ್ಪಲಿ ಕುರ್ಲಾದಲ್ಲಿ ಇಳಿಯಿತು, ಅವಳು ದಾದರಿನಲ್ಲಿ ಇಳಿದಳು. ಮೈಸೂರಿನ ಹಾಸ್ಟೆಲಿನಲ್ಲಿ ತನ್ನದೇ ಒಂದು ಮಂಚ, ಕಿಟಕಿಯಾಚೆ ಒಂದು ಮರ, ಮದುವೆಯ ಮಾತೆತ್ತದ ಎರಡು ವರ್ಷ. ಇಷ್ಟನ್ನು ನೆನೆದರೆ ಅವಳಿಗೆ ಬಾಯಲ್ಲಿ ನೀರೂರುತ್ತಿತ್ತು.

ಭಾನುವಾರ ಬೆಳಿಗ್ಗೆ ಅವಳು ಕಲ್ಯಾಣಕ್ಕೆ ಹೊರಟಳು. ಅಲ್ಲೊಂದು ಧರ್ಮಾರ್ಥ ದವಾಖಾನೆ. ವಾರಕ್ಕೊಮ್ಮೆ ಅಲ್ಲಿ ಕೂತು ಬಂದವರನ್ನು ನೋಡುತ್ತಿದ್ದಳು. ಇದೇ ಕಡೇ ಭಾನುವಾರ, ಕಾಗದಪತ್ರ ಒಪ್ಪಿಸಿ ಬಂದರಾಯಿತು ಎಂದುಕೊಂಡಿದ್ದಳು. ಮೈಸೂರಿಗೆ ಕೊಡುವ ತಂತಿಯ ಒಕ್ಕಣೆಯೂ ಪರ್ಸಿನಲ್ಲಿತ್ತು.

ದವಾಖಾನೆಯಲ್ಲಿ ಜಟ್ಟೆಪ್ಪ ಕಾದಿದ್ದ. ಕಲಬುರಗಿ ಕಡೆಯವನು, ಭಿವಂಡಿಯಲ್ಲಿ ಬಟ್ಟೆಯ ಗಂಟು ಹೊರುತ್ತಿದ್ದವನು. ಲಕ್ವಾ ಹೊಡೆದು ಆರು ತಿಂಗಳಾಗಿತ್ತು. ಬಲಗೈ ಅರ್ಧ ಬಂದಿತ್ತು, ಮಾತು ಮಾತ್ರ 'ತಾ ತಾ' ಬಿಟ್ಟು ಮುಂದಕ್ಕೆ ಹೋಗಿರಲಿಲ್ಲ. ಜೊತೆಗೆ ಹೆಂಡತಿ ಸಾಬವ್ವ. ಹಣೆಯ ತುಂಬ ಕುಂಕುಮ, ಕಂಕುಳಲ್ಲಿ ರೊಟ್ಟಿಯ ಗಂಟು.

ಐದು ವಾರದಿಂದ ವೇದಾವತಿ ಪುಸ್ತಕದಲ್ಲಿದ್ದಂತೆ ಮಾಡುತ್ತಿದ್ದಳು. ಚಿತ್ರದ ಕಾರ್ಡು ತೋರಿಸಿದಳು. ವಿಲಾಯತಿ ಕಾರ್ಡು, ಅದರಲ್ಲಿ ಹಿಮದ ಗೊಂಬೆ ಒಂದಿತ್ತು. ಅದನ್ನು ನೋಡಿ ಜಟ್ಟೆಪ್ಪ ಹೆದರಿದ. ಆಮೇಲೆ ಪುಸ್ತಕದ ಇನ್ನೊಂದು ಉಪಾಯ: ಮನೆಯವರು ರೋಗಿಯ ಎದುರು ಕೂತು ಅವನ ಹೆಸರನ್ನು ದಿನಕ್ಕೆ ಇಪ್ಪತ್ತು ಸಲ ಹೇಳಬೇಕು, ಅವನ ಕೈಲಿ ಹೇಳಿಸಬೇಕು.

"ಹೇಳಿದ್ರಾ ಸಾಬವ್ವ?"

"ಹೂಂ ಅಂದಂಗ ಮಾಡೀನ್ರಿ ಬಾಯಾರ."

"ಹಾಗಂದ್ರೆ? ಎಷ್ಟು ಸಲ?"

ಸಾಬವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪ್ರತಿ ವಾರವೂ ಹೀಗೆಯೇ. ವೇದಾವತಿ ಹಿಂದಿನ ವಾರ ಫೈಲಿನಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದಳು: ಹೆಂಡತಿ ಸಹಕರಿಸುತ್ತಿಲ್ಲ.

"ನೀವು ಒಂದು ಸಲ ಹೇಳದಿದ್ರೆ ಅವ್ರಿಗೆ ಮಾತು ಬರುವುದು ಹೇಗೆ ಮಾರಾಯ್ತಿ? ಗಂಡ ಮಾತಾಡುವುದು ಬೇಡವಾ ನಿಮ್ಗೆ?"

ಸಾಬವ್ವ ದಿಗ್ಗನೆ ಎದ್ದು ನಿಂತಳು. "ಬ್ಯಾಡ ಅಂದೋರ ಯಾರ್ರಿ? ಗಂಡನ ಹೆಸರು ಹಿಡದು ಕರೀ ಅಂತೀರಲ್ಲ, ನಿಮ್ಮವ್ವ ಕರೀತಾಳೇನು ನಿಮ್ಮಪ್ಪಗ?"

ವೇದಾವತಿಗೆ ತಿಳಿದಂತೆ ಅವಳ ಅಮ್ಮ ಇಪ್ಪತ್ತೈದು ವರ್ಷದಿಂದ ಅಪ್ಪನನ್ನು 'ಕೇಳಿತಾ' ಎಂದೇ ಕರೆದದ್ದು. ರೇಷನ್ ಕಾರ್ಡಿನ ಗುಮಾಸ್ತ ಗಂಡನ ಹೆಸರೇನು ಎಂದು ಕೇಳಿದಾಗ ಅಮ್ಮ ಪಕ್ಕದ ಮನೆಯವರನ್ನು ಕರೆದುಕೊಂಡು ಬಂದಿದ್ದಳು. ಇದನ್ನೆಲ್ಲ ನೋಡಿಯೇ ಬೆಳೆದವಳು, ಪುಸ್ತಕ ಕೈಗೆ ಬಂದದ್ದೇ ಎಲ್ಲ ಮರೆತಿದ್ದಳು.

"ಹೆಸರು ಹೇಳೋದೇ ಇಲ್ವಾ ಹಾಗಾದ್ರೆ? ಯಾವತ್ತೂ?"

"ಒಡಪಿನಾಗ ಹೇಳ್ತೀವ್ರಿ. ಮದಿವ್ಯಾಗ, ಬಸುರಿ ಕುಬಸದಾಗ, ನಾಕು ಮಂದಿ ಕೂಡಿದಾಗ. ಹಾಡಿನಾಗ ಸೇರಿಸಿ ಹೇಳಿದ್ರ ತಪ್ಪಿಲ್ಲ."

"ಹಾಗೇ ಹೇಳಿ ನೋಡುವ."

"ದವಾಖಾನ್ಯಾಗ ಒಡಪು! ಇದ್ಯಾವ ಔಷಧರೀ ಬಾಯಾರ!" ಸಾಬವ್ವ ಗಂಡನ ಕಡೆ ನೋಡಿದಳು. ಅವನು ಹಿಮದ ಗೊಂಬೆಯ ಕಾರ್ಡನ್ನು ಬೋರಲು ಹಾಕಿ ಕೂತಿದ್ದ. ಅವಳು ಸೆರಗು ಸರಿ ಮಾಡಿಕೊಂಡು, ಗೋಡೆಯ ಕಡೆ ಮುಖ ತಿರುಗಿಸಿ ರಾಗ ಎಳೆದಳು:

"ಬಟ್ಟಲದಾಗ ತುಪ್ಪ, ರೊಟ್ಟಿ ಮ್ಯಾಲ ಉಪ್ಪ,
ಉಂಡು ಮೀಸಿ ತಿರುವ್ಯಾರ ನೋಡ್ರಿ ನಮ್ಮನಿ..."

ಅಲ್ಲಿಗೆ ಬಂದು ನಾಚಿ ನಿಂತಳು. ಹೊರಗೆ ಟಾಂಗಾದ ಗಂಟೆ ಕೇಳಿಸಿತು.

"ಜಟ್ಟೆಪ್ಪ," ಎಂದಿತು ಒಂದು ಗಂಡಸಿನ ದನಿ.

ಸಾಬವ್ವ ಸರಕ್ಕನೆ ತಿರುಗಿದಳು. ಜಟ್ಟೆಪ್ಪನೂ ಯಾರು ಹೇಳಿದ್ದು ಎಂದು ಹಿಂದೆ ತಿರುಗಿ ನೋಡಿದ. ಹಿಂದೆ ಗೋಡೆ ಬಿಟ್ಟರೆ ಯಾರೂ ಇರಲಿಲ್ಲ.

ಬಿದ್ದುಹೋದ ಮಾತು ಕೆಲವೊಮ್ಮೆ ಹಾಡಿನ ದಾರಿ ಹಿಡಿದು ಬರುತ್ತದೆ ಎಂದು ವೇದಾವತಿಯೂ ಓದಿದ್ದಳು. ಆ ಹಾಡು ರೊಟ್ಟಿ ಉಪ್ಪಿನದು ಇರಬಹುದು ಎಂದು ಮಾತ್ರ ಯಾವ ಪುಸ್ತಕವೂ ಬರೆದಿರಲಿಲ್ಲ. "ಇನ್ನೊಮ್ಮೆ ಹೇಳಿ," ಎಂದಳು. ಸಾಬವ್ವ ಹೇಳಿದಳು, ಗಂಡ ತುದಿ ಸೇರಿಸಿದ: "ಜಟ್ಟೆಪ್ಪ." ಮತ್ತೊಮ್ಮೆ. "ಜಟ್ಟೆಪ್ಪ." ಆರನೆಯ ಸಲಕ್ಕೆ 'ಉಪ್ಪ'ವೂ ಅವನದೇ ಬಾಯಿಂದ ಬಂತು. ಮೀಸೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು, ಕೆಳಗೆ ಬಾಯಿ ನಗುತ್ತಿತ್ತು.

"ಸಾಕ್ರೀ ಯವ್ವಾ," ಎಂದಳು ಸಾಬವ್ವ, ಕಣ್ಣೊರೆಸಿಕೊಳ್ಳುತ್ತ. "ಲಗ್ನ ಆದಾಗಿಂದ ಇಷ್ಟು ಸಲ ಒಡಪು ಹೇಳಿಲ್ಲ. ಓಣ್ಯಾಗ ಗೊತ್ತಾದ್ರ ಬೇಕೂಫ ಹೆಂಗಸು ಅಂತಾರ." ಗಂಟು ಬಿಚ್ಚಿ ಒಂದು ರೊಟ್ಟಿ ತೆಗೆದು ವೇದಾವತಿಯ ಕೈಗಿಟ್ಟಳು. "ಇನ್ನೂ ಹದಿನೈದು ಒಡಪು ಬರ್ತಾವ ನನಗ. ಬರೋ ಐತಾರ ಬರ್ಲೇನ್ರಿ?"

ಬರುವ ಭಾನುವಾರ ವೇದಾವತಿ ಮೈಸೂರಿನಲ್ಲಿರಬೇಕಿತ್ತು. ಮಂಚ, ಮರ, ಎಲ್ಲ ಒಮ್ಮೆ ಕಣ್ಣ ಮುಂದೆ ಬಂದವು. ಒಡಪು ಹೇಳುವ ಹೆಂಗಸನ್ನೂ ಕೇಳುವ ಗಂಡನನ್ನೂ ಮೈಸೂರಿಗೆ ಹೊತ್ತುಕೊಂಡು ಹೋಗಲಿಕ್ಕಾಗುತ್ತದೆಯೇ? ಅಲ್ಲಿ ಕನ್ನಡ ಬಲ್ಲವರಿಗೆ ಬರವಿಲ್ಲ. ಇಲ್ಲಿ, ಕಲ್ಯಾಣದ ಈ ಕೋಣೆಯಲ್ಲಿ, ಕನ್ನಡ ಬಲ್ಲ ಕುರ್ಚಿ ಇದ್ದದ್ದು ಒಂದೇ. ಅದರಲ್ಲಿ ತಾನೇ ಕೂತಿದ್ದಳು.

"ಬನ್ನಿ," ಎಂದಳು. ಫೈಲು ತೆಗೆದು, ಹೆಂಡತಿ ಸಹಕರಿಸುತ್ತಿಲ್ಲ ಎಂಬ ಸಾಲನ್ನು ಎರಡು ಗೆರೆ ಎಳೆದು ಹೊಡೆದು, ಪಕ್ಕದಲ್ಲಿ ಕನ್ನಡದಲ್ಲೇ ಬರೆದಳು: ಮಾತು ಕಲಿಸುವವಳೇ ಸಹಕರಿಸಿರಲಿಲ್ಲ.

ಹೋಟೆಲಿಗೆ ಬಂದು ಮುಂಬಯಿ ಎಂದಾಗ ಶ್ರೀಮತಮ್ಮ ಘಾಟ್ಕೋಪರಿನ ದಿಕ್ಕಿಗೆ ಕೈ ಮುಗಿದಳು. ಎರಡು ವರ್ಷ ಯಾರೂ ನೋಡಲು ಬರಕೂಡದು ಎಂದಾಗ ಅದೇ ಕೈ ಹಣೆಗೆ ಹೋಯಿತು. ಪುಂಡರೀಕಾಕ್ಷ ತಾನು ಮೊದಲೇ ಹೇಳಿದ್ದೆ ಎಂದ. ಏನು ಹೇಳಿದ್ದ ಎಂದು ಯಾರಿಗೂ ನೆನಪಿರಲಿಲ್ಲ. ಭಟ್ಟರು ಮುಖ ಸಣ್ಣದು ಮಾಡಿಕೊಂಡು ಮೈಸೂರಿನ ಕಾಗದವನ್ನು ಗಾಜಿನ ಕೆಳಗಿಂದ ತೆಗೆದರು. ಸಾಂಬಾರಿನ ಕಲೆ ಒರೆಸಿದರು. ಮತ್ತೆ ಅಲ್ಲೇ ಇಟ್ಟರು.

"ಅಮ್ಮ, ಅಪ್ಪಯ್ಯನ ಹೆಸರು ಒಮ್ಮೆ ಹೇಳು ನೋಡುವ," ಎಂದಳು ವೇದಾವತಿ.

"ನಿಂಗೆ ಎಂ.ಎಸ್ಸಿ.ಗೆ ಮುಂಚೆಯೇ ತಲೆ ಕೆಟ್ಟಿತಾ?"

"ಹೇಳಿಬಿಡು," ಎಂದರು ಗಲ್ಲಾದಿಂದ ಭಟ್ಟರು. "ನನಗೂ ಮರೆತುಹೋದ ಹಾಗಿದೆ."

ಮಂಗಳವಾರ ಬೆಳಿಗ್ಗೆ ವೇದಾವತಿ ಮತ್ತೆ ಉಲ್ಟಾ ಕಲ್ಯಾಣಕ್ಕೆ ಹೋಗಿ, ಕಿಟಕಿಯ ಪಕ್ಕ ಕೂತು, ಮುಂಬಯಿಯ ಕಡೆ ಹೊರಟಳು. ಈ ಸಲ ಚಪ್ಪಲಿಯ ಬದಲು ಬಕಲ್ ಇರುವ ಸ್ಯಾಂಡಲ್ ಹಾಕಿದ್ದಳು.