ಮಾರಾಟಕ್ಕಿಲ್ಲದ ನಿಂಬೆ ಗಿಡ

‘ಅದಕ್ಕ ಕೈ ಹಚ್ಚಬ್ಯಾಡ್ರಿ, ಅದು ಮಾರೂದಲ್ಲ’ ಎಂದು ನೌಬಾದದಲ್ಲಿ ನರ್ಸರಿ ನಡೆಸುವ ಹೆಂಗಸು ನನ್ನನ್ನು ತಡೆದರು. ಬಣ್ಣದ ಹಳೆ ಡಬ್ಬಿಯಲ್ಲಿದ್ದ ನಿಂಬೆ ಗಿಡ ಆ ಬರಗಾಲದಲ್ಲೂ ಹೂ ಬಿಟ್ಟಿತ್ತು. ಹಿಂದೆ ಭಾಲ್ಕಿಯಲ್ಲಿ ಗಿಡ ಮಾರುವವರೊಬ್ಬರು ನನಗೆ ಕಸಿ ಗಿಡವೆಂದು ನಂಬಿಸಿ ಕಾಡು ಸಸಿ ಕೊಟ್ಟಿದ್ದರು. ಈಕೆಯೂ ಬೆಲೆ ಏರಿಸಲು ಆಟ ಹೂಡಿದ್ದಾರೆ ಅನ್ನಿಸಿತು. ಹೆಚ್ಚು ಕೊಡುತ್ತೇನೆಂದರೂ ಒಪ್ಪಲಿಲ್ಲ. ನನ್ನ ಅನುಮಾನ ಬಲವಾಯಿತು.

‘ಯಾವ ಸಾಹುಕಾರಗ ಎತ್ತಿಟ್ಟೀರಿ ಇದನ್ನ?’ ಎಂದು ಕೆಣಕಿದೆ.

ಆಕೆ ಸಿಟ್ಟಾಗದೆ ನನ್ನನ್ನು ಹಿತ್ತಲಿನ ನೆರಳಿಗೆ ಕರೆದೊಯ್ದರು. ಅಲ್ಲಿ ಒಡೆದ ಬಕೆಟ್ಟು, ಎಣ್ಣೆ ಡಬ್ಬಿಗಳಲ್ಲಿ ಮಲ್ಲಿಗೆ, ತುಳಸಿ, ಕರಿಬೇವು ಸಾಲಾಗಿದ್ದವು. ಒಂದೊಂದಕ್ಕೂ ಹೆಸರು ಬರೆದ ಚೀಟಿ ಕಟ್ಟಿತ್ತು.

‘ದುಡಿಲಾಕ ಪುಣೆಕ್ಕ ಹೋದವರ ಮನಿ ಗಿಡ ಇವು. ಆ ನಿಂಬಿ ಡಾಬಕಾ ಊರಿನ ಒಬ್ಬಾಕಿದು. ಒಣಗಿಸಬ್ಯಾಡ ಅಕ್ಕಾ ಅಂತ ಹೇಳಿ ಹೋಗ್ಯಾಳ್ರಿ. ಬರೋತನಕ ನೀರು ಹಾಕ್ತೇನಿ.’

ನನಗೆ ನಾಚಿಕೆಯಾಯಿತು. ‘ಒಂದು ದಾಸವಾಳ ನೀವೇ ಆರಿಸಿ ಕೊಡ್ರಿ’ ಎಂದೆ. ಆಕೆ ಆರಿಸಿಕೊಟ್ಟ ದಾಸವಾಳವನ್ನು ತಿರುಗಿಸಿ ನೋಡದೆ ಮನೆಗೆ ತಂದೆ. ಇನ್ನೊಬ್ಬರ ಗಿಡವನ್ನು ಅಷ್ಟು ಜೋಪಾನ ಮಾಡುವವರು ನನಗೆ ಕೆಟ್ಟ ಸಸಿ ಕೊಡಲಾರರು ಎಂಬ ನಂಬಿಕೆ ಹುಟ್ಟಿತ್ತು.