ಕೆಂಪು ಬಟನ್ ಒತ್ತಿದ ದಿನ

ರಾಜಾಜಿನಗರದ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಯೊಂದರಲ್ಲಿ ಬೋರ್‌ವೆಲ್ ಮೋಟಾರಿನ ಸ್ಟಾರ್ಟರ್ ಜೋಡಿಸುವುದು ನನ್ನ ಕೆಲಸವಾಗಿತ್ತು. ನನ್ನ ಹಿಂದಿನ ಟೇಬಲ್ಲಿನಲ್ಲಿ ಅದರ ತಾಮ್ರದ ತಂತಿಯ ಕಾಯಿಲ್ ಸುತ್ತುತ್ತಿದ್ದವಳು ಕುರುಬರಹಳ್ಳಿಯವಳು. ನನಗಿಂತ ದೊಡ್ಡವಳಾದ್ದರಿಂದ ಅಕ್ಕ ಅನ್ನುತ್ತಿದ್ದೆ. ಮಧ್ಯಾಹ್ನ ಅವಳ ಡಬ್ಬಿಯ ಅರ್ಧ ನನ್ನದು, ನನ್ನದರ ಅರ್ಧ ಅವಳದು.

ಆಗೆಲ್ಲ ಅವಳ ಪಾಡಿಗೆ ಅವಳು ಸುತ್ತುತ್ತಾ ಹೋಗುವಳು. ಬೇಕಿರಲಿ ಬೇಡವಿರಲಿ, ಕಾಯಿಲ್‌ಗಳು ನನ್ನ ಕಾಲಬುಡದಲ್ಲಿ ಗುಡ್ಡೆ ಬೀಳುತ್ತಿದ್ದವು. ಒಂದು ಕೆಟ್ಟಿದೆ ಅಂತ ಗೊತ್ತಾಗುವಷ್ಟರಲ್ಲಿ ಅಂಥವೇ ಒಂದು ರಾಶಿ ತಯಾರಾಗಿರುತ್ತಿತ್ತು.

ಆಮೇಲೆ ಹೊಸ ಮ್ಯಾನೇಜರ್ ಬಂದರು. ಗೇಟಿನ ವಾಚ್‌ಮನ್‌ನಿಂದ ಹಿಡಿದು ಎಲ್ಲರನ್ನೂ ಬಹುವಚನದಲ್ಲೇ ಮಾತಾಡಿಸುವ ಮನುಷ್ಯ. ನಮ್ಮನ್ನೆಲ್ಲ ನಿಲ್ಲಿಸಿ ಕೇಳಿದರು, "ಮನೇಲಿ ಚಪಾತಿ ಹೇಗೆ ಬಡಿಸ್ತೀರಾ? ತಟ್ಟೆ ಖಾಲಿ ಆದ್ಮೇಲೆ ತಾನೇ ಇನ್ನೊಂದು ಬೇಯ್ಸೋದು? ಇಲ್ಲೂ ಅಷ್ಟೇ. ಮುಂದಿನವರು ಕೇಳಿದ್ರೆ ಮಾತ್ರ ಹಿಂದಿನವರು ಮಾಡ್ಬೇಕು."

"ನಮ್ಮನೇಲಿ ತಟ್ಟೆ ಖಾಲಿ ಆಗೋ ಮುಂಚೆನೇ ಬೈತಾರೆ ಸಾರ್," ಅಂದಳು ಅಕ್ಕ. ಎಲ್ಲರೂ ನಕ್ಕೆವು.

ನನ್ನ ಪಕ್ಕ ಕಾಯಿಲ್ ತುಂಬಿದ ಎರಡೇ ನೀಲಿ ಡಬ್ಬ ಇಟ್ಟರು. ಒಂದು ಖಾಲಿಯಾದ ಕೂಡಲೇ, ಎಷ್ಟು ಬೇಕು ಅಂತ ಬರೆದು ಅದಕ್ಕೆ ಸಿಕ್ಕಿಸಿದ ಕಾರ್ಡಿನ ಸಮೇತ ಅಕ್ಕನ ಕಡೆ ಹೋಗಬೇಕು. ಅವಳು ಅಷ್ಟು ತುಂಬಿಸಿ ಕೊಡುವವರೆಗೆ ನನಗೆ ಇನ್ನೊಂದು ಡಬ್ಬ. ಕಾರ್ಡ್ ಬರದಿದ್ದರೆ ಅವಳು ಸುಮ್ಮನೆ ಕೂರಬೇಕು. ಪ್ರತಿ ಟೇಬಲ್ಲಿನ ಮೇಲೂ ಒಂದು ಕೆಂಪು ಬಟನ್. ಮಾಲು ಕೆಟ್ಟಿದ್ದರೆ ಒತ್ತುವುದು, ಇಡೀ ಲೈನ್ ನಿಲ್ಲುವುದು.

"ಭಯ ಬೇಡ. ಯಾರು ಅಂತ ಕೇಳಲ್ಲ, ಯಾಕೆ ಅಂತ ಮಾತ್ರ ಕೇಳ್ತೀನಿ," ಅಂದರು ಮ್ಯಾನೇಜರ್.

ನಾನು ನಂಬಿದೆ. ಮೊದಲ ಸಲ ಥ್ರೆಡ್ ಸವೆದ ಸ್ಕ್ರೂ ಕಂಡು ಒತ್ತಿದಾಗ ಅವರೇ ಓಡಿಬಂದು, "ಥ್ಯಾಂಕ್ಸ್ ಮೇಡಂ" ಅಂದು ಚಪ್ಪಾಳೆ ತಟ್ಟಿಸಿದರು. ಅಷ್ಟು ವರ್ಷಗಳಲ್ಲಿ ನನಗೆ ಅಲ್ಲಿ ಯಾರೂ ಥ್ಯಾಂಕ್ಸ್ ಹೇಳಿರಲಿಲ್ಲ. ಮನೆಗೆ ಬಂದು ಗಂಡನ ಹತ್ತಿರ ಎರಡೆರಡು ಸಲ ಹೇಳಿಕೊಂಡೆ.

ಅಕ್ಕ ಮಾತ್ರ ಕುರ್ಚಿಯ ಕೆಳಗೆ ಒಂದು ಚೀಲ ಕಾಯಿಲ್ ಬಚ್ಚಿಟ್ಟುಕೊಂಡಿದ್ದಳು. "ಮೆಷಿನ್ ಕೈ ಕೊಟ್ರೆ ಬೈಸ್ಕೊಳ್ಳೋಳು ನಾನು ಕಣೇ," ಅನ್ನುವಳು. ನಾನು ದಿನವೂ ಅವಳ ಬೆನ್ನು ಬಿದ್ದೆ. "ಹಾಗೆ ಮುಚ್ಚಿಟ್ರೆ ಮೆಷಿನ್ ಕೆಟ್ಟಿದೆ ಅಂತ ಗೊತ್ತಾಗೋದೇ ಇಲ್ಲ ಅಕ್ಕ, ಕೊಟ್ಬಿಡಿ. ಮ್ಯಾನೇಜರ್ ಒಳ್ಳೆಯವರು." ಕೊನೆಗೊಂದು ದಿನ ಚೀಲವನ್ನು ಸ್ಟೋರಿಗೆ ಕೊಟ್ಟಳು.

ಕೆಲವು ವಾರ ಕಳೆದಿತ್ತು. ಸುತ್ತುವ ಮೆಷಿನ್ನಿನಲ್ಲಿ ತಂತಿಯನ್ನು ಬಿಗಿಯಾಗಿ ಹಿಡಿಯುವ ಸ್ಪ್ರಿಂಗು ಸಡಿಲವಾಗಿ, ಕಾಯಿಲ್‌ನ ಸುತ್ತೂ ಸಡಿಲ ಬೀಳತೊಡಗಿತು. ಅಕ್ಕ ನನ್ನೆದುರೇ ಮ್ಯಾನೇಜರಿಗೆ ಹೇಳಿದಳು. "ಈ ತಿಂಗಳ ಮಾಲು ಹೋಗ್ಲಿ, ಆಮೇಲೆ ನೋಡೋಣ," ಅಂದರು. ಒಂದು ಬೆಳಿಗ್ಗೆ ನಾನು ಜೋಡಿಸಿದ ಸ್ಟಾರ್ಟರ್‌ಗಳು, ಕರೆಂಟ್ ಕೊಟ್ಟು ನೋಡಿದರೆ, ಒಂದಾದ ಮೇಲೊಂದು ಗುಂಯ್ ಅನ್ನತೊಡಗಿದವು. ಕಾಯಿಲ್ ಮುಟ್ಟಿದರೆ ಸುಡುತ್ತಿತ್ತು. ಬಟನ್ ಒತ್ತಿದೆ. ಬದಲಿಗೆ ಹಾಕಲು ಒಳ್ಳೆ ಕಾಯಿಲ್ ಒಂದೂ ಇಲ್ಲ, ಮುಂದಿನವರ ಡಬ್ಬಗಳೂ ಖಾಲಿ. ಇಡೀ ಲೈನ್ ನಿಂತಿತು.

ಅದೇ ಹೊತ್ತಿಗೆ ಮ್ಯಾನೇಜರ್ ನಮ್ಮ ಮಾಲು ಕೊಳ್ಳುವ ಕಂಪನಿಯವರನ್ನು ಕರೆದುಕೊಂಡು ಒಳಗೆ ಬಂದರು. ಅವರಲ್ಲೊಬ್ಬರು, "ಯಾಕೆ ನಿಂತಿದೆ?" ಅಂದರು.

ಮ್ಯಾನೇಜರ್ ನನ್ನ ಕಡೆ ಕೈ ತೋರಿಸಿದರು. "ಆಪರೇಟರ್ ಮಿಸ್ಟೇಕ್ ಸಾರ್. ಈ ಮೇಡಂ ಗಾಬರಿಯಾಗಿ ಒತ್ಬಿಟ್ಟಿದಾರೆ."

"ಇಲ್ಲ ಸಾರ್, ಕಾಯಿಲ್ ಸುಡ್ತಾ ಇದೆ," ಅಂದೆ. ಮ್ಯಾನೇಜರ್ ನನ್ನನ್ನು ನೋಡಲೇ ಇಲ್ಲ. ಅಕ್ಕನ ಕಡೆ ತಿರುಗಿ, "ಮೆಷಿನ್ ಸರಿಯಾಗಿದೆ ಅಲ್ವಾ?" ಅಂದರು.

ಅಕ್ಕ ಬಟ್ಟೆಯಿಂದ ಮೆಷಿನ್ ಒರೆಸುತ್ತಾ, ತಲೆ ಎತ್ತದೆ, "ಸರಿಯಾಗೇ ಇದೆ ಸಾರ್" ಅಂದಳು.

ಮ್ಯಾನೇಜರ್ ಹಾಗಂದದ್ದಕ್ಕೆ ಸಿಟ್ಟು ಬಂತು. ಇವಳು ಅಂದದ್ದಕ್ಕೆ ಆ ಮಧ್ಯಾಹ್ನ ನನ್ನ ಡಬ್ಬಿ ನಾನೊಬ್ಬಳೇ ಉಂಡೆ.

ನನ್ನನ್ನು ಪ್ಯಾಕಿಂಗ್‌ಗೆ ಹಾಕಿದರು. ಆಮೇಲೆ ಆ ಲೈನಿನಲ್ಲಿ ಯಾರೂ ಬಟನ್ ಮುಟ್ಟಲಿಲ್ಲ. ಲೈನ್ ನಿಲ್ಲುವುದೇ ಇಲ್ಲ ಅಂತ ಮ್ಯಾನೇಜರ್ ಮೀಟಿಂಗಿನಲ್ಲಿ ಹೊಗಳಿಸಿಕೊಂಡರು. ಇತ್ತ ಒಬ್ಬೊಬ್ಬರೂ ಟೇಬಲ್ಲಿನ ಕೆಳಗೆ, ಬ್ಯಾಗಿನಲ್ಲಿ, ಊಟದ ಬುಟ್ಟಿಯಲ್ಲಿ ಬಿಡಿಭಾಗ ಕೂಡಿಡತೊಡಗಿದರು. ಕೆಟ್ಟ ಕಾಯಿಲ್ ಬಂದರೆ ಸದ್ದಿಲ್ಲದೆ ಪಕ್ಕಕ್ಕಿಟ್ಟು ಬಚ್ಚಿಟ್ಟದ್ದನ್ನು ಹಾಕುವರು. ಅದು ಮುಗಿದರೆ ಕೆಟ್ಟದ್ದನ್ನೇ ಹಾಕುವರು. ಸುಟ್ಟ ಸ್ಟಾರ್ಟರ್‌ಗಳು ಅಂಗಡಿಗಳಿಂದ ವಾಪಸ್ಸು ಬಂದು ನನ್ನ ಪ್ಯಾಕಿಂಗ್ ಟೇಬಲ್ಲಿನ ಪಕ್ಕವೇ ಬೀಳುತ್ತಿದ್ದವು.

ಒಂದು ಭಾನುವಾರ ಆರ್‌ಪಿಸಿ ಲೇಔಟಿನ ನಮ್ಮ ಮನೆಗೆ ಅಕ್ಕ ಬಂದಳು. ಕಾಫಿ ಕೊಟ್ಟೆ.

"ಯಾಕಕ್ಕ ಹಾಗಂದ್ರಿ?" ನಾನೇ ಕೇಳಿದೆ.

"ನಿನ್ನ ಮಾತು ಕೇಳಿ ಆ ಚೀಲ ಕೊಟ್ಟೆ ಕಣೇ. ಅದೊಂದು ಇದ್ದಿದ್ರೆ ಅವತ್ತು ಲೈನ್ ನಿಲ್ತಿತ್ತಾ? ಒಳ್ಳೆಯವರು ಅಂತ ಹೇಳಿದ್ದು ಯಾರು, ನೀನೇ ಅಲ್ವಾ? ಎಲ್ಲರೆದುರು ಅವರು ನಿನ್ನನ್ನೇ ಹಾಗೆ ಮಾಡಿದ ಮೇಲೆ, ನನ್ನನ್ನ ಬಿಡ್ತಿದ್ರಾ?"

ಕ್ಷಮಿಸು ಅಂತ ಅವಳು ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಅವಳು ಹೋದ ಮೇಲೆ ಅಡುಗೆಮನೆಯಲ್ಲಿ ನಿಂತು ಅತ್ತೆ.

ಆಯುಧಪೂಜೆ ಮುಗಿಸಿ ಕೆಲಸ ಬಿಟ್ಟೆ. ಈಗ ಕೆಂಗೇರಿಯ ಒಂದು ಪ್ರೆಸ್ಸಿನಲ್ಲಿದ್ದೇನೆ. ವಿಜಯನಗರ ಮಾರ್ಕೆಟ್ಟಿನಲ್ಲಿ ಅಕ್ಕ ಆಗಾಗ ಸಿಗುತ್ತಾಳೆ. ಸೊಪ್ಪಿನ ರೇಟು, ಮಕ್ಕಳ ಓದು, ಅವಳ ಮಂಡಿನೋವು ಎಲ್ಲ ಮಾತಾಡುತ್ತೇವೆ. ಕಾರ್ಖಾನೆಯ ಸುದ್ದಿ ಬಂದರೆ ಮಾತ್ರ ಇಬ್ಬರಲ್ಲಿ ಒಬ್ಬರಿಗೆ ಹೊತ್ತಾಗಿರುತ್ತದೆ.